ಆಕಾಶದಲ್ಲೊಂದು ಹೊಲ, ಪಕ್ಕದಲ್ಲೇ ಒಬ್ಬ ಕೂಲಿಯಾಳು

ಪೇಪರಿನ ರಾಶಿಭವಿಷ್ಯದ ಕಾಲಂನಲ್ಲಿ ಮಕರದ ಚಿತ್ರ ಗಮನಿಸಿದ್ದೀರಾ? ಒಂದು ಪೇಪರಿನಲ್ಲಿ ಮೊಸಳೆ ಇರುತ್ತದೆ. ಇನ್ನೊಂದರಲ್ಲಿ ಮುಂದುಗಡೆ ಆಡು, ಹಿಂದುಗಡೆ ಮೀನಿನ ಬಾಲ. ಚಿಕ್ಕವನಿದ್ದಾಗ ನಾನು ಇದನ್ನು ಪ್ರೆಸ್ಸಿನವರ ಎಡವಟ್ಟು ಅಂದುಕೊಂಡಿದ್ದೆ. ಆಡಿಗೆ ಮೀನಿನ ಬಾಲ ಎಲ್ಲಿಂದ ಬರಬೇಕು?

ಬಂದದ್ದು ಬ್ಯಾಬಿಲೋನಿನಿಂದ. ಈಗಿನ ಇರಾಕಿನಲ್ಲಿ, ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ನಡುವಿನ ಬಯಲಲ್ಲಿ, ಮೂರು ಸಾವಿರ ವರ್ಷಗಳ ಹಿಂದೆಯೇ ಈ ಪ್ರಾಣಿಗೆ ಆಕಾಶದಲ್ಲಿ ಜಾಗ ಇತ್ತು. ಹೆಸರು ಸುಹುರ್‌ಮಾಶ್. ಸುಹುರ್ ಅಂದರೆ ಮೀನು, ನಮ್ಮ ಗೆಂಡೆ ಮೀನಿನ ಜಾತಿಯದ್ದು. ಮಾಶ್ ಅಂದರೆ ಆಡು. ಎರಡೂ ಸೇರಿ ಆಡುಮೀನು. ಸಿಹಿನೀರಿಗೂ ಜಾಣತನಕ್ಕೂ ಒಡೆಯನಾದ ಇಯಾ ಎಂಬ ದೇವರ ಪ್ರಾಣಿ ಅದು. ರಾಜರು ಜಮೀನು ದಾನ ಕೊಟ್ಟಾಗ ಕೆತ್ತಿಸುತ್ತಿದ್ದ ಕಲ್ಲುಗಳ ಮೇಲೆ ಈಗಲೂ ಅದನ್ನು ನೋಡಬಹುದು. ನಮ್ಮ ದಾನಶಾಸನಗಳ ತುದಿಯಲ್ಲಿ ಸೂರ್ಯ, ಚಂದ್ರ, ಹಸು ಕರು ಇರುತ್ತವಲ್ಲ, ಅವರ ಕಲ್ಲಲ್ಲೂ ಸೂರ್ಯ, ಚಂದ್ರ, ಚೇಳು, ಆಡುಮೀನು ಇರುತ್ತವೆ.

ಅಂದರೆ ಹಳೆಯ ಚಿತ್ರ ಆಡುಮೀನೇ. ಮೊಸಳೆ ಆಮೇಲೆ ಸೇರಿಕೊಂಡದ್ದು. ಇಂಥ ಹೆಸರುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದರೆ ಒಂದು ಊರಿನ ಬದುಕೇ ಹೊರಗೆ ಬರುತ್ತದೆ.

ಮೊದಲು ಓದುವ ರೀತಿ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹೆಸರುಗಳು ಗೊಂದಲ ಮಾಡುತ್ತವೆ.

ಬ್ಯಾಬಿಲೋನಿನ ಜನ ಆಡುತ್ತಿದ್ದದ್ದು ಅಕ್ಕಾಡಿಯನ್ ಭಾಷೆ. ಇದು ಅರಬ್ಬಿ, ಹೀಬ್ರೂಗಳ ಬಳಗದ್ದು. ಆದರೆ ಹಸಿ ಮಣ್ಣಿನ ಹಲಗೆಯ ಮೇಲೆ ಬೆಣೆಯಾಕಾರದ ಗುರುತು ಒತ್ತಿ ಬರೆಯುವುದನ್ನು ಅವರು ಕಲಿತದ್ದು ತಮಗಿಂತ ಹಿಂದಿನ ಸುಮೇರಿಯನ್ನರಿಂದ. ಸುಮೇರಿಯನ್ ಭಾಷೆಗೂ ಅಕ್ಕಾಡಿಯನ್ನಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಆ ಭಾಷೆ ಜನರ ಬಾಯಿಂದ ಹೋದ ಮೇಲೂ ಬರಹದಲ್ಲಿ ಉಳಿಯಿತು. ನಾವು 5 ಅಂತ ಬರೆದರೆ ಕನ್ನಡದವರು ಐದು ಅಂತ ಓದುತ್ತಾರೆ, ಹಿಂದಿಯವರು ಪಾಂಚ್ ಅಂತ ಓದುತ್ತಾರೆ. ಗುರುತು ಒಂದೇ, ಬಾಯಿಗೆ ಬರುವ ಮಾತು ಬೇರೆ. ಹಾಗೆಯೇ ಬ್ಯಾಬಿಲೋನಿನ ಬರಹಗಾರ ಸುಮೇರಿಯನ್ನಿನಲ್ಲಿ 'ಮುಲ್' ಅಂತ ಬರೆದು ಅಕ್ಕಾಡಿಯನ್ನಿನಲ್ಲಿ 'ಕಕ್ಕಬು' ಅಂತ ಓದುತ್ತಿದ್ದ. ಎರಡಕ್ಕೂ ಅರ್ಥ ನಕ್ಷತ್ರ. ಮುಲ್ ಎಂಬ ಗುರುತೂ ಚೆನ್ನಾಗಿದೆ. ನಕ್ಷತ್ರದ ಆಕಾರದ ಒಂದು ಗುರುತಿಗೆ ಆಕಾಶ ಎಂಬ ಅರ್ಥ ಇತ್ತು, ದೇವರು ಎಂಬ ಅರ್ಥವೂ ಇತ್ತು. ಅಂಥ ಮೂರನ್ನು ಒಟ್ಟಿಗೆ ಬರೆದರೆ ಮುಲ್.

ಈ ನಕ್ಷತ್ರಗಳ ಪಟ್ಟಿಗಳಲ್ಲಿ ಹೆಸರಾದದ್ದು ಎರಡು ಹಲಗೆಗಳ ಒಂದು ಕೃತಿ. ಕ್ರಿ.ಪೂ. 1000ದ ಆಸುಪಾಸಿನಲ್ಲಿ ಅದನ್ನು ಜೋಡಿಸಿದರು ಅನ್ನುತ್ತಾರೆ. ಕೈಗೆ ಸಿಕ್ಕಿರುವ ಪ್ರತಿಗಳು ಅದಕ್ಕಿಂತ ಈಚಿನವು. ಆ ಕಾಲದಲ್ಲಿ ಕೃತಿಗಳಿಗೆ ಬೇರೆ ಶೀರ್ಷಿಕೆ ಇರುತ್ತಿರಲಿಲ್ಲ, ಮೊದಲ ಮಾತೇ ಹೆಸರು. ಇದರ ಮೊದಲ ಮಾತು 'ಮುಲ್ ಅಪಿನ್'. ಅಂದರೆ ನೇಗಿಲ ನಕ್ಷತ್ರ.

ನೇಗಿಲು ಅಂದೆ. ಸರಿಯಾಗಿ ಹೇಳಬೇಕೆಂದರೆ ಅದು ನಮ್ಮ ಕೂರಿಗೆಗೆ ಹತ್ತಿರ. ಅವರ ಅಪಿನ್‌ಗೆ ಮೇಲೊಂದು ಬಟ್ಟಲು, ಕೆಳಗೊಂದು ಕೊಳವೆ ಇರುತ್ತಿತ್ತು. ಎತ್ತು ಎಳೆಯುತ್ತಾ ಹೋದಂತೆ ಒಬ್ಬ ಬೀಜ ಹಾಕುತ್ತಾ ಬರುತ್ತಿದ್ದ. ಸಾಲು ಬೀಳುವುದೂ ಬಿತ್ತನೆಯೂ ಒಟ್ಟಿಗೇ ಮುಗಿಯುತ್ತಿತ್ತು. ಉತ್ತರ ಕರ್ನಾಟಕದ ಎರೆಹೊಲದಲ್ಲಿ ಕೂರಿಗೆ ಹೊಡೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವರು ದಿಂಡರ ಹೆಸರಿನಿಂದ ಶುರುವಾಗಬಹುದಾಗಿದ್ದ ಪಟ್ಟಿ ಹೀಗೆ ಹೊಲದ ಸಲಕರಣೆಯಿಂದ ಶುರುವಾಗುತ್ತದೆ. ನನಗೆ ಈ ಪಟ್ಟಿಯ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿ.

ಪಟ್ಟಿಯವರು ಆಕಾಶವನ್ನು ಮೂರು ದಾರಿಗಳಾಗಿ ಹಂಚಿದ್ದರು. ಬಡಗಣದ್ದು ಎನ್ಲಿಲ್ ದೇವರ ದಾರಿ, ನಡುವಿನದು ಅನು ದೇವರದ್ದು, ತೆಂಕಣದ್ದು ಇಯಾನದ್ದು. ಒಟ್ಟು 71 ಹೆಸರು: 33, 23, 15. ಗ್ರಹಗಳೂ ಇದರಲ್ಲೇ ಸೇರಿವೆ.

ನೇಗಿಲ ನಕ್ಷತ್ರದ ಅಕ್ಕಪಕ್ಕ ಏನಿದೆ ನೋಡಿ. ಒಂದು ಕಡೆ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ, ಈಗಿನವರು ಪೆಗಾಸಸ್ ಅನ್ನುವ ಜಾಗ. ಬ್ಯಾಬಿಲೋನಿನವರಿಗೆ ಅದು 'ಇಕು'. ಇಕು ಅಂದರೆ ಜಮೀನಿನ ಅಳತೆ. ಒಂದು ಬದಿ ಸುಮಾರು 60 ಮೀಟರ್ ಇರುವ ಚೌಕ. ನಮ್ಮ ಲೆಕ್ಕದಲ್ಲಿ 35 ಗುಂಟೆಯ ಮೇಲೆ ಚೂರು, ಎಕರೆಗೆ ಸ್ವಲ್ಪ ಕಡಿಮೆ. ಆಕಾಶದಲ್ಲಿ ಚೌಕ ಕಂಡ ರೈತ ಅದನ್ನು ಹೊಲ ಅಂದ, ಅಷ್ಟೆ. ಅದೇ ನಾಲ್ಕು ನಕ್ಷತ್ರಗಳು ನಮ್ಮಲ್ಲಿ ಪೂರ್ವಾಭಾದ್ರ, ಉತ್ತರಾಭಾದ್ರ ಆಗಿ ಎರಡೆರಡಾಗಿ ಹಂಚಿಹೋಗಿವೆ. ಅವಕ್ಕಿದ್ದ ಹಳೆಯ ಹೆಸರು ಪ್ರೋಷ್ಠಪದ, ಅಂದರೆ ಪೀಠದ ಕಾಲುಗಳು. ಅವರಿಗೆ ಹೊಲದ ನಾಲ್ಕು ಮೂಲೆ, ನಮಗೆ ಕೂರುವ ಮಣೆಯ ನಾಲ್ಕು ಕಾಲು.

ನೇಗಿಲಿನ ಇನ್ನೊಂದು ಕಡೆ ನಿಂತವನು 'ಲು ಹುಂಗಾ'. ಲು ಅಂದರೆ ಮನುಷ್ಯ. ಇಡೀ ಹೆಸರಿಗೆ ಕೂಲಿಗೆ ಬಂದ ಆಳು ಅಂತ ಅರ್ಥ. ಹೊಲ, ನೇಗಿಲು, ಆಳು ಮೂವರೂ ಅಕ್ಕಪಕ್ಕ! ಉತ್ತರದ ಧ್ರುವದ ಹತ್ತಿರ ನಮ್ಮ ಸಪ್ತರ್ಷಿಗಳಿರುವ ಜಾಗದಲ್ಲಿ 'ಮಾರ್‌ಗಿದ್ದ', ಅಂದರೆ ಉದ್ದನೆಯ ಗಾಡಿ. ದಕ್ಷಿಣದಲ್ಲಿ ಮಣ್ಣಿನ ಹೆಂಟೆ ಒಡೆಯುವ ಹಲುಬೆ. ಇಷ್ಟೆಲ್ಲ ಸಾಮಾನು ಇದ್ದ ಮೇಲೆ ಒಕ್ಕಲುತನಕ್ಕೆ ಇನ್ನೇನು ಬೇಕು?

ಕೂಲಿಯಾಳು ಆಕಾಶ ಹತ್ತಿದ್ದಕ್ಕೆ ಒಂದು ಕಾರಣ ಕ್ಯಾಲೆಂಡರಿನಲ್ಲಿದೆ. ಯಾವ ನಕ್ಷತ್ರ ಯಾವ ತಿಂಗಳ ಯಾವ ದಿನ ಮೊದಲ ಸಲ ಕಾಣುತ್ತದೆ ಅಂತ ಮುಲ್ ಅಪಿನ್‌ನಲ್ಲಿ ಪಟ್ಟಿ ಇದೆ. ವರ್ಷದ ಮೊದಲ ತಿಂಗಳು ನಿಸಾನು. ಅದರ ಮೊದಲ ದಿನ ಕೂಲಿಯಾಳು ಮೂಡುತ್ತಾನೆ. ಅದು ವಸಂತ, ಬಾರ್ಲಿ ಕುಯ್ಲಿಗೆ ಬರುವ ಹೊತ್ತು. ಆಳುಗಳನ್ನು ಹುಡುಕಿಕೊಂಡು ಅಲೆಯುವ ಕಾಲ. ಎರಡನೆಯ ತಿಂಗಳ ಮೊದಲ ದಿನ ಕೃತ್ತಿಕೆ ಮೂಡುತ್ತದೆ. ನಾಲ್ಕನೆಯ ತಿಂಗಳ 15ಕ್ಕೆ 'ಬಾಣ', ಅಂದರೆ ನಾವು ಲುಬ್ಧಕ ಅನ್ನುವ ಭಾರಿ ಹೊಳಪಿನ ನಕ್ಷತ್ರ.

ಮೊದಲ ಸಲ ಕಾಣುವುದು ಅಂದರೇನು? ಪ್ರತಿ ವರ್ಷ ಸೂರ್ಯ ಒಂದೊಂದೇ ನಕ್ಷತ್ರದ ಹತ್ತಿರ ಸರಿದು ಹೋಗುತ್ತಾನೆ. ಆಗ ಆ ನಕ್ಷತ್ರ ಹಗಲಲ್ಲಿ ಮುಳುಗಿ ಕೆಲವು ವಾರ ಕಾಣುವುದೇ ಇಲ್ಲ. ಸೂರ್ಯ ಮುಂದೆ ಸರಿದ ಮೇಲೆ ಒಂದು ದಿನ ನಸುಕಿನಲ್ಲಿ ಪೂರ್ವದಂಚಿಗೆ ಮಿಣುಕ್ ಅಂತ ಕಾಣಿಸಿಕೊಳ್ಳುತ್ತದೆ. ಅವರು ಗುರುತು ಹಾಕಿಕೊಳ್ಳುತ್ತಿದ್ದದ್ದು ಆ ದಿನವನ್ನು. ನಮ್ಮ ರೈತರ ಮಳೆ ನಕ್ಷತ್ರದ ಲೆಕ್ಕ ಇದಕ್ಕೆ ತಿರುಗುಮುರುಗು. ಭರಣಿ ಮಳೆ, ಮೃಗಶಿರೆ ಮಳೆ ಅಂದರೆ ಸೂರ್ಯ ಆ ನಕ್ಷತ್ರದಲ್ಲೇ ಇರುವ ದಿನಗಳು. ಅಂದರೆ ನಕ್ಷತ್ರ ಕಣ್ಣಿಗೆ ಬೀಳದ ದಿನಗಳು. ಅವರು ಕಂಡದ್ದನ್ನು ಎಣಿಸಿದರು, ನಾವು ಮರೆಯಾದದ್ದನ್ನು ಎಣಿಸುತ್ತೇವೆ.

ಈಗ ಆ ಕೂಲಿಯಾಳು ಎಲ್ಲಿ ಹೋದ? ಅವನಿದ್ದ ಜಾಗದಲ್ಲಿ ಇವತ್ತು ಮೇಷ ಇದೆ, ಟಗರು. ಮನುಷ್ಯ ಟಗರಾದದ್ದು ಹೇಗೆ ಅನ್ನುವುದಕ್ಕೆ ವಿದ್ವಾಂಸರು ಕೊಡುವ ವಿವರಣೆ ಮಜವಾಗಿದೆ. ಸುಮೇರಿಯನ್ನಿನಲ್ಲಿ ಮನುಷ್ಯನಿಗೆ 'ಲು'. ಕುರಿ ಎಂದು ಬರೆಯುವ ಬೇರೆಯದೇ ಒಂದು ಗುರುತು ಇದೆ, ಅದಕ್ಕೂ 'ಲು' ಎಂಬ ಉಚ್ಚಾರ ಇದೆ. ಈಚಿನ ಕಾಲದ ಬರಹಗಾರರು ಹೆಸರುಗಳನ್ನು ಮೊಟಕು ಮಾಡಿ ಬರೆಯತೊಡಗಿದಾಗ ಒಂದು ಲು ಜಾಗಕ್ಕೆ ಇನ್ನೊಂದು ಲು ಬಂತು. ಆಳು ಕುರಿಯಾದ. ನಮ್ಮಲ್ಲೇ 'ಆಳು' ಅಂದರೆ ಕೂಲಿಯವನೂ ಹೌದು, ರಾಜ್ಯ ನಡೆಸು ಅಂತಲೂ ಹೌದು ಅಲ್ವಾ? ಹಾಗೆ ಒಂದೇ ಸದ್ದು, ಎರಡು ಅರ್ಥ. ಸಾಲದ್ದಕ್ಕೆ ಪಟ್ಟಿಯಲ್ಲಿ ಈ ಕೂಲಿಯಾಳಿನ ದೇವರು ದುಮುಜಿ, ಅವನು ಕುರಿ ಕಾಯುವವನು. ಕುರಿಗೆ ದಾರಿ ಮೊದಲೇ ತೆರೆದಿತ್ತು.

ಕನ್ಯಾ ರಾಶಿಯ ಕಥೆಯೂ ಹೊಲದ್ದೇ. ಆ ಜಾಗಕ್ಕೆ 'ಅಬ್‌ಸಿನ್', ಅಂದರೆ ನೇಗಿಲ ಸಾಲು. ಮುಲ್ ಅಪಿನ್ ಇದನ್ನು ಶಾಲಾ ಎಂಬ ದೇವತೆಯ ತೆನೆ ಅನ್ನುತ್ತದೆ. ನಾವು ಚಿತ್ತಾ ಅನ್ನುವ ಬೆಳ್ಳನೆಯ ನಕ್ಷತ್ರ ಇರುವುದು ಇಲ್ಲೇ. ಮುಂದೆ ಉರುಕ್ ಪಟ್ಟಣದ ಹಲಗೆಗಳಲ್ಲಿ, ಗ್ರೀಕರ ಆಳ್ವಿಕೆಯ ಕಾಲಕ್ಕೆ, ಕೈಯಲ್ಲಿ ತೆನೆ ಹಿಡಿದ ಹೆಣ್ಣಿನ ಚಿತ್ರವೇ ಬರುತ್ತದೆ. ಆ ನಕ್ಷತ್ರದ ಲ್ಯಾಟಿನ್ ಹೆಸರು ಸ್ಪೈಕಾ. ಅದಕ್ಕೂ ತೆನೆ ಎಂದೇ ಅರ್ಥ. ಸಾಲು ಮರೆತುಹೋಯಿತು, ತೆನೆ ಉಳಿಯಿತು, ಹಿಡಿದವಳು ಕನ್ಯೆ ಅನ್ನಿಸಿಕೊಂಡಳು. ಸೀತೆ ಎಂಬ ಮಾತಿಗೂ ನೇಗಿಲ ಸಾಲು ಅಂತಲೇ ಅರ್ಥ. ಇವೆರಡಕ್ಕೆ ಸಂಬಂಧ ಕಟ್ಟಲು ನಾನು ಹೋಗುವುದಿಲ್ಲ. ಉಳುವವರು ಎಲ್ಲಿದ್ದರೂ ಸಾಲಿನಲ್ಲಿ ಹೆಣ್ಣನ್ನೇ ಕಂಡರು ಅಂತ ಸುಮ್ನೆ ಖುಷಿಪಡುತ್ತೇನೆ.

ಉಳಿದ ಕೆಲವನ್ನು ಬೇಗ ನೋಡಿಬಿಡೋಣ. ಚೇಳಿಗೆ 'ಗಿರ್‌ತಾಬ್'. ಗಿರ್ ಅಂದರೆ ಚೂರಿ, ತಾಬ್ ಅಂದರೆ ಉರಿ. ಕಚ್ಚಿಸಿಕೊಂಡವರೇ ಇಟ್ಟ ಹೆಸರಿರಬೇಕು. ಸಿಂಹಕ್ಕೆ 'ಉರ್‌ಗುಲಾ', ಅದರ ಎದೆಯ ಹತ್ತಿರದ ನಕ್ಷತ್ರಕ್ಕೆ 'ಲುಗಲ್', ಅಂದರೆ ರಾಜ. ನಮ್ಮ ಮಘಾ ನಕ್ಷತ್ರ ಅದು. ಲ್ಯಾಟಿನ್ನಿನಲ್ಲಿ ಅದನ್ನು ರೆಗ್ಯುಲಸ್ ಅಂದರು, ಪುಟ್ಟ ರಾಜ ಅಂತ. ವೃಷಭ ಆಗಲೂ ಗೂಳಿಯೇ, 'ಆಕಾಶದ ಗೂಳಿ'. ರೋಹಿಣಿ ನಕ್ಷತ್ರ ಆ ಗೂಳಿಯ ದವಡೆ. ಮಹಾವ್ಯಾಧ 'ಅನುವಿನ ನಿಜವಾದ ಕುರುಬ'. ಮಿಥುನದಲ್ಲಿ ನಮಗೆ ಗಂಡು ಹೆಣ್ಣು ಕಾಣುತ್ತಾರೆ, ಅವರಿಗೆ ಇಬ್ಬರು ಗಂಡಸರು: ಲುಗಲಿರ್ರ ಮತ್ತು ಮೆಸ್ಲಮ್ತಯ, ಸತ್ತವರ ಲೋಕದ ಬಾಗಿಲು ಕಾಯುವವರು. ಕೃತ್ತಿಕೆಗೆ 'ಮುಲ್ ಮುಲ್'. ದೊಡ್ಡ ದೊಡ್ಡ ಮರ ಅಂದರೆ ಮರಗಳು ತುಂಬಾ ಇವೆ ಅಂತ ನಾವು ಅರ್ಥ ಮಾಡಿಕೊಳ್ಳುವ ಹಾಗೆ, ಸುಮೇರಿಯನ್ನಿನಲ್ಲೂ ಮಾತನ್ನು ಎರಡು ಸಲ ಹೇಳಿದರೆ ಬಹುವಚನ. ನಕ್ಷತ್ರಗಳು ಅಂದರೆ ಅವೇ, ಬೇರೆ ಹೆಸರೇ ಬೇಡ.

ತುಲಾ ರಾಶಿಯಲ್ಲಿ ಸ್ವಲ್ಪ ನಿಲ್ಲಬೇಕು. ಅದಕ್ಕೆ ಬ್ಯಾಬಿಲೋನಿನಲ್ಲಿ 'ಜಿಬಾನಿತು', ಅಂದರೆ ತಕ್ಕಡಿ. ಆದರೆ ಮುಲ್ ಅಪಿನ್ ಅದನ್ನೇ ಚೇಳಿನ ಕೊಂಬು ಅಂತಲೂ ಕರೆಯುತ್ತದೆ. ಎರಡೂ ಅರ್ಥ ಜೊತೆಗೇ ಬಾಳಿದವು. ಗ್ರೀಕರು ಚೇಳನ್ನು ಹಿಡಿದರು, ಆ ಜಾಗಕ್ಕೆ ಚೇಳಿನ ಇಕ್ಕಳಗಳು ಅಂದರು. ನಮಗೆ ಬಂದದ್ದು ತಕ್ಕಡಿ. ಅರಬ್ಬಿಯಲ್ಲಿ ಚೇಳಿನ ಇಕ್ಕಳಕ್ಕೆ ಜುಬಾನಾ. ಈ ಮಾತು ಜಿಬಾನಿತುವಿನ ಬಳಗದ್ದೇ ಅನ್ನುತ್ತಾರೆ. ಇವತ್ತಿನ ನಕ್ಷತ್ರ ನಕ್ಷೆಯಲ್ಲೂ ಆ ಎರಡು ನಕ್ಷತ್ರಗಳು ಜುಬೆನೆಲ್‌ಜೆನುಬಿ, ಜುಬೆನೆಶಮಾಲಿ. ತೆಂಕಣ ಇಕ್ಕಳ, ಬಡಗಣ ಇಕ್ಕಳ. ತಕ್ಕಡಿಯ ಎರಡು ತಟ್ಟೆಗಳಿಗೆ ಚೇಳಿನ ಇಕ್ಕಳದ ಹೆಸರು!

ಗ್ರಹಗಳನ್ನು ಅವರು 'ಬಿಬ್ಬು' ಅನ್ನುತ್ತಿದ್ದರು. ಬಿಬ್ಬು ಅಂದರೆ ಕಾಡುಕುರಿ. ಉಳಿದ ನಕ್ಷತ್ರಗಳು ಮಂದೆಯ ಹಾಗೆ ಒಟ್ಟಿಗೆ ಸಾಗುತ್ತವೆ, ಇವು ಮಾತ್ರ ಮನಸ್ಸು ಬಂದ ಕಡೆ ನುಗ್ಗುತ್ತವೆ. ಬುಧನ ಹೆಸರಿಗೆ ನೆಗೆಯುವವನು ಎಂಬ ಅರ್ಥ. ಶನಿ 'ಕಯ್ಯಮಾನು', ಒಂದೇ ಸಮನೆ ಸಾಗುವವನು. ನಮ್ಮ ಶನೈಶ್ಚರ ಅಂದರೂ ನಿಧಾನವಾಗಿ ನಡೆಯುವವನು ಅಂತಲೇ. ಸಾಡೇಸಾತಿಯ ಭಯವೆಲ್ಲ ಆಮೇಲಿನದು. ಹೆಸರಲ್ಲಿರುವುದು ಬರೀ ನಡಿಗೆ.

ಇನ್ನೊಂದು ಪ್ರಶ್ನೆ ನಿಮಗೂ ಬಂದಿರಬೇಕು. ಸತ್ತುಹೋದ ಭಾಷೆಯ ಹೆಸರು ಯಾವ ನಕ್ಷತ್ರದ್ದು ಅಂತ ಗೊತ್ತಾದದ್ದು ಹೇಗೆ? ಹಲಗೆಯಲ್ಲಿ ಬಾಣದ ಗುರುತು ಹಾಕಿ ತೋರಿಸಿರಲಿಲ್ಲವಲ್ಲ.

ದಾರಿ ತೋರಿಸಿದ್ದು ಅವರ ಶಿಸ್ತು. ಬ್ಯಾಬಿಲೋನಿನವರು ರಾತ್ರಿ ರಾತ್ರಿ ಆಕಾಶ ನೋಡಿ ದಿನಚರಿ ಬರೆದಿಟ್ಟಿದ್ದಾರೆ. ಉಳಿದಿರುವುದರಲ್ಲಿ ಹಳೆಯದು ಕ್ರಿ.ಪೂ. 652ರದ್ದು, ಕೊನೆಯದು ಕ್ರಿ.ಪೂ. 61ರದ್ದು. ಸುಮಾರು 600 ವರ್ಷ! ಹೆಚ್ಚಿನವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಗ್ರಹಗಳ ಜಾಗ ಹೇಳಲು ಅವರು ಸುಮಾರು 30 ನಕ್ಷತ್ರಗಳನ್ನು ಮೈಲಿಗಲ್ಲಿನ ಹಾಗೆ ಬಳಸಿದರು. ಅವಕ್ಕೆ ಕವಿತೆಯ ಹೆಸರಿಲ್ಲ, ವಿಳಾಸ ಇದೆ: ಕೂಲಿಯಾಳಿನ ತಲೆಯ ಮುಂದಿನ ನಕ್ಷತ್ರ, ಕೂಲಿಯಾಳಿನ ತಲೆಯ ಹಿಂದಿನ ನಕ್ಷತ್ರ, ಆಡುಮೀನಿನ ಕೊಂಬು, ಸಿಂಹದ ಸೊಂಟ. 'ಬಸ್ ಸ್ಟ್ಯಾಂಡಿನ ಹಿಂದಿನ ಹೋಟೆಲು' ಅಂದ ಹಾಗೆ. ದೂರದ ಲೆಕ್ಕ ಮೊಳ ಮತ್ತು ಬೆರಳಿನಲ್ಲಿ. ಒಂದು ಮೊಳಕ್ಕೆ 24 ಬೆರಳು, ನಮ್ಮ ಹಳೆಯ ಮೊಳಕ್ಕೂ 24 ಅಂಗುಲ. ಆಕಾಶದಲ್ಲಿ ಒಂದು ಮೊಳ ಸುಮಾರು 2 ಡಿಗ್ರಿ, ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು.

19ನೇ ಶತಮಾನದ ಕೊನೆಗೆ ಸ್ಟ್ರಾಸ್‌ಮಾಯರ್ ಎಂಬ ಜೆಸ್ಯೂಟ್ ಪಾದ್ರಿ ಮ್ಯೂಸಿಯಂನಲ್ಲಿ ಕೂತು ಹಲಗೆಗಳನ್ನು ನಕಲು ಮಾಡಿದರು. ಅವರ ಸಂಗಡಿಗ ಎಪ್ಪಿಂಗ್ ಗಣಿತದವರು. ಎಪ್ಪಿಂಗ್ ಹಿಡಿದ ಉಪಾಯ ಹೀಗೆ. ಹಲಗೆಯಲ್ಲಿ ಇಂಥ ವರ್ಷ, ಇಂಥ ದಿನ, ಇಂಥ ಗ್ರಹ ಇಂಥ ನಕ್ಷತ್ರಕ್ಕಿಂತ ಎರಡು ಮೊಳ ಮೇಲಿತ್ತು ಅಂತ ಇದೆ ಅಂದುಕೊಳ್ಳಿ. ಗ್ರಹಗಳು ಓಡುವ ಲೆಕ್ಕ ನಮಗೆ ಗೊತ್ತು. ಹಿಂದಕ್ಕೆ ಎಣಿಸಿಕೊಂಡು ಹೋಗಿ ಆ ರಾತ್ರಿ ಆ ಗ್ರಹ ಎಲ್ಲಿತ್ತು ಅಂತ ಕಂಡುಹಿಡಿಯಬಹುದು. ಅಲ್ಲಿಂದ ಎರಡು ಮೊಳ ಕೆಳಗೆ ಯಾವ ನಕ್ಷತ್ರ ಇದೆಯೋ ಅದೇ ಇದು. ಒಂದು ಸಲ ಹೊಂದಿದರೆ ಕಾಕತಾಳೀಯ ಅನ್ನಬಹುದು. ಸಾಲು ಸಾಲಾಗಿ ಹೊಂದಿದರೆ ಬೀಗ ತೆರೆದ ಹಾಗೆ. 1881ರಲ್ಲಿ ಮೊದಲ ಫಲ ಹೊರಬಂತು. ಗ್ರಹಗಳ ಹೆಸರು ಯಾವುದು ಯಾವುದಕ್ಕೆ ಅನ್ನುವುದನ್ನೂ ಇದೇ ಲೆಕ್ಕದಿಂದಲೇ ಬಿಡಿಸಬೇಕಾಯಿತು. ಕಾಗದ, ಪೆನ್ಸಿಲ್ ಬಿಟ್ಟು ಬೇರೆ ಸಲಕರಣೆ ಇಲ್ಲದ ಕಾಲದ ಕೆಲಸ ಇದು.

ಎಲ್ಲ ಹೆಸರೂ ಸರಿಯಾದ ಮನೆಗೇ ಸೇರಿತು ಅನ್ನುವಂತಿಲ್ಲ. ಧನು ರಾಶಿಯ ಒಂದು ಹೊಳಪಿನ ನಕ್ಷತ್ರಕ್ಕೆ ಈಗ ಅಧಿಕೃತವಾಗಿ ನುಂಕಿ ಅಂತ ಹೆಸರು. ಬ್ಯಾಬಿಲೋನಿನ ಪಟ್ಟಿಯಲ್ಲಿ ನುನ್‌ಕಿ ಅಂದರೆ ಎರಿಡು, ಇಯಾ ದೇವರ ಊರು. ಆದರೆ ಎರಿಡುವಿನ ನಕ್ಷತ್ರ ದಕ್ಷಿಣದ ಇನ್ನೊಂದು ಮೂಲೆಯದು. ವಿಳಾಸ ತಪ್ಪಿ ಬೇರೆ ಮನೆಗೆ ಬಂದ ಕಾಗದ ಅಲ್ಲೇ ಉಳಿದುಬಿಟ್ಟಿದೆ.

ಚಂದ್ರನ ದಾರಿಯಲ್ಲಿ ಮುಲ್ ಅಪಿನ್ ಎಣಿಸುವುದು 17 ಅಥವಾ 18 ಆಕೃತಿ. ಎಲ್ಲಿ ತುಂಡು ಮಾಡಿ ಓದುತ್ತೇವೆ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಕ್ರಿ.ಪೂ. 5ನೇ ಶತಮಾನದ ಹೊತ್ತಿಗೆ ಲೆಕ್ಕದ ಅನುಕೂಲಕ್ಕೆ ಅದನ್ನು ತಲಾ 30 ಡಿಗ್ರಿಯ 12 ಭಾಗ ಮಾಡಿದರು. ತಿಂಗಳು ಹನ್ನೆರಡು, ಮನೆ ಹನ್ನೆರಡು. ಕುರುಬ, ಮುದುಕ, ಬಾನಾಡಿ ಇವರೆಲ್ಲ ಹೊರಗುಳಿದರು. ಈ ಹನ್ನೆರಡು ಗ್ರೀಕರಿಗೆ ಹೋಯಿತು, ಅವರಿಂದ ಭಾರತಕ್ಕೆ ಬಂತು. ನಮ್ಮ 27 ನಕ್ಷತ್ರಗಳು ಅದಕ್ಕಿಂತ ಹಳೆಯವು, ಈ ನೆಲದವು. ರಾಶಿಗಳು ನೆಂಟರಾಗಿ ಬಂದು ಮನೆಯವರಾದವು.

ಬಂದ ದಾರಿಯ ಗುರುತು ಮಾತಿನಲ್ಲೇ ಇದೆ. 6ನೇ ಶತಮಾನದ ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ ರಾಶಿಗಳಿಗೆ ಇನ್ನೊಂದು ಸಾಲು ಹೆಸರು ಕೊಡುತ್ತಾನೆ: ಕ್ರಿಯ, ತಾವುರಿ, ಲೇಯ, ಆಕೋಕೇರ ಹೀಗೆ. ಕ್ರಿಯೋಸ್ ಗ್ರೀಕರ ಟಗರು, ತೌರೋಸ್ ಗೂಳಿ, ಲೆಯೋನ್ ಸಿಂಹ, ಐಗೋಕೆರೋಸ್ ಆಡಿನ ಕೊಂಬು. ಅದೇ ಪುಸ್ತಕದಲ್ಲಿ ರಾಶಿಗಳ ರೂಪವೂ ಇದೆ. ಕನ್ಯೆಯ ಜೊತೆ ಪೈರು ಇದೆ. ಮಕರಕ್ಕೆ ಮೊಸಳೆಯ ಮೂತಿ ಇಲ್ಲ, ಮೃಗದ ಮುಖ! ನಮ್ಮವರು ಆಡುಮೀನಿಗೆ ತಮಗೆ ಗೊತ್ತಿದ್ದ ನೀರಿನ ಪ್ರಾಣಿ ಮಕರದ ಹೆಸರು ಕೊಟ್ಟರು, ಆದರೆ ಮುಖ ಬದಲಿಸಲು ವರಾಹಮಿಹಿರನಿಗೆ ಮನಸ್ಸು ಬರಲಿಲ್ಲ ಅನ್ನಿಸುತ್ತದೆ. ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನಕ್ಕೆ ಹೋದರೆ ಮಂಟಪದ 12 ರಾಶಿಕಂಬಗಳ ಮುಂದೆ ಒಂದು ಗಳಿಗೆ ನಿಲ್ಲಿ. 14ನೇ ಶತಮಾನದ ಕಲ್ಲಿನಲ್ಲಿ ಕೂತಿರುವ ಈ ಹನ್ನೆರಡರ ಹಿರಿಯರು ಯೂಫ್ರೆಟಿಸ್ ದಂಡೆಯವರು.

ಹೊಲವನ್ನು ಮಾತ್ರ ಇವತ್ತೂ ಹಾಗೇ ನೋಡಬಹುದು. ನವೆಂಬರ್ ಕೊನೆಯಲ್ಲಿ, ಮೋಡ ಇಲ್ಲದ ದಿನ, ರಾತ್ರಿ ಎಂಟರ ಮೇಲೆ ಟೆರೇಸಿಗೆ ಹೋಗಿ. ನೆತ್ತಿಯ ಹತ್ತಿರ ದೊಡ್ಡ ಚೌಕ ಕಾಣುತ್ತದೆ, ಒಳಗೆ ಹೆಚ್ಚು ಕಡಿಮೆ ಖಾಲಿ. ಅದು 35 ಗುಂಟೆ ಹೊಲ. ಅಲ್ಲಿಂದ ಪೂರ್ವಕ್ಕೆ, ಚೂರು ಬಡಗಣಕ್ಕೆ ಸರಿದರೆ ಮೂರು ಮಂಕು ನಕ್ಷತ್ರಗಳ ಚಿಕ್ಕ ತ್ರಿಕೋನ. ಕೂರಿಗೆ ಅದು. ಪೇಟೆಯ ದೀಪದಲ್ಲಿ ಕಾಣದಿದ್ದರೆ ಊರಿಗೆ ಹೋದಾಗ ನೋಡಿ. ಅದರ ಕೆಳಗೆ ಅಕ್ಕಪಕ್ಕ ಎರಡು ನಕ್ಷತ್ರಗಳಿವೆ, ಒಂದು ಜಾಸ್ತಿ ಹೊಳಪು, ಇನ್ನೊಂದು ಸ್ವಲ್ಪ ಕಡಿಮೆ. ಕೂಲಿಯಾಳಿನ ತಲೆಯ ಹಿಂದಿನದು, ಮುಂದಿನದು.